ಮೂರು ದಿನದಿಂದ ಅಷ್ಟೇ

ನಾನು ಇಪ್ಪತ್ತು ವರ್ಷದಿಂದ ಬೆನ್ಸನ್ ಟೌನಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಮನೆಯಲ್ಲಿ ತಮಿಳು, ದಖನಿ, ಮಲಯಾಳ, ಇಂಗ್ಲಿಷು ಮಾತಾಡುವ ಮಕ್ಕಳಿಗೆ ಕನ್ನಡ ಬರುವಂತೆ ಮಾಡುವುದು ನನ್ನ ಕೆಲಸವೆಂದು ಮೊದಲ ಎರಡು ವರ್ಷ ತಿಳಿದಿದ್ದೆ. ನನ್ನ ಕೆಲಸ ಅವರಿಗೆ ಕನ್ನಡದಲ್ಲಿ ಅಂಕ ಬರುವಂತೆ ಮಾಡುವುದು ಎಂದು ಹೆಡ್ಮಿಸ್ಟ್ರೆಸ್ಸು ಕರೆದು ತಿಳಿಸಿದ ಮೇಲೆ ಮಾದರಿ ಉತ್ತರಕ್ಕೆ ಬಂದೆ. ಪ್ರಶ್ನೆಯ ಮೊದಲ ಎರಡು ಪದ ಗುರುತು ಹಿಡಿಯಬೇಕು, ಉತ್ತರ ಬಾಯಿಗೆ ಬರಬೇಕು. ಅರ್ಥ ಆಮೇಲೆ ಬಂದರೂ ಸರಿ, ಬರದಿದ್ದರೂ ನಷ್ಟವಿಲ್ಲ. ಈ ಪದ್ಧತಿಯಲ್ಲಿ ಇದುವರೆಗೆ ಒಬ್ಬರೂ ಫೇಲಾಗಿಲ್ಲ. ಇಷ್ಟು ವರ್ಷದಲ್ಲಿ ನನ್ನ ಅತ್ಯುತ್ತಮ ವಿದ್ಯಾರ್ಥಿ ಯಾರೆಂದು ಕೇಳಿದರೆ ನಾನು ಹೇಳುವುದು ನನ್ನ ಅತ್ತೆಯನ್ನು, ಅಂದರೆ ಗಂಡನ ತಾಯಿಯನ್ನು. ಅವರಿಗೆ ಅರವತ್ತೆಂಟು ವರ್ಷ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ನಾವಿರುವುದು ಮರ್ಫಿ ಟೌನಿನಲ್ಲಿ. ಗಂಡ ಲಿಫ್ಟ್ ರಿಪೇರಿ ಮಾಡುತ್ತಾರೆ. ಹೊರಮಾವಿನ ಅಪಾರ್ಟ್‌ಮೆಂಟುಗಳಲ್ಲಿ ಯಾರಾದರೂ ನಡುವೆ ಸಿಕ್ಕಿಹಾಕಿಕೊಂಡರೆ ಫೋನು ಇವರಿಗೆ ಬರುತ್ತದೆ. ಅತ್ತೆ ಮೂವತ್ತು ವರ್ಷ ಬಂಗಲೆಯೊಂದರಲ್ಲಿ ಅಡುಗೆಗಿದ್ದರು. ಅಲ್ಲಿ ಯಜಮಾನರ ಜೊತೆ ತಮಿಳು, ಮಟನ್ ತರುವವನ ಜೊತೆ ದಖನಿ, ನಾಯಿಯನ್ನು ಬೈಯುವಷ್ಟು ಇಂಗ್ಲಿಷು ಕಲಿತರು. ಅಕ್ಷರ ಮಾತ್ರ ಯಾರೂ ಕಲಿಸಲಿಲ್ಲ, ಅವರೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಬಿಳಿ ಸೀರೆ ಉಟ್ಟು ನಮ್ಮ ಓಣಿಯ ಬೌದ್ಧ ವಿಹಾರಕ್ಕೆ ಹೋಗಿ, ಬುದ್ಧನ ಮುಂದೆ ಕೂತು ಪಂಚಶೀಲ ಹೇಳುತ್ತಾರೆ. ಅದನ್ನು ಕಿವಿಯಿಂದಲೇ ಕಲಿತದ್ದು. ಒಂದು ಸ್ವರ ಆಚೀಚೆ ಆಗುವುದಿಲ್ಲ.

ಅತ್ತೆಗೆ ದಮ್ಮು. ಹಲಸೂರಿನ ಸಂತೆಬೀದಿಯ ಹಿಂದೆ ಒಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರೊಬ್ಬರು ಮೊದಲಿನಿಂದಲೂ ಅವರನ್ನು ನೋಡುತ್ತಿದ್ದರು. ನಮ್ಮ ಮನೆಯಿಂದ ನಡೆದರೆ ಎಂಟು ನಿಮಿಷ. ಆ ಡಾಕ್ಟರು ಚೀಟಿ ಬರೆಯುವುದಿಲ್ಲ. ರೋಗಿಗಳು ಇನ್ನೂರು ಪುಟದ ನೋಟ್‌ಬುಕ್ ತರಬೇಕು, ಅದರಲ್ಲಿ ಬರೆಯುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ನೋಟ್‌ಬುಕ್ಕಿಗೆ ನಾನೇ ಕಂದು ಕಾಗದದ ಹೊದಿಕೆ ಹಾಕಿ ಲೇಬಲ್ ಅಂಟಿಸಿದ್ದೆ. ವಿಷಯ ಎನ್ನುವ ಜಾಗದಲ್ಲಿ ದಮ್ಮು ಎಂದು ಬರೆದೆ. ಡಾಕ್ಟರು ಅದನ್ನು ನೋಡಿ ನಕ್ಕಿದ್ದರಂತೆ. ಅತ್ತೆ ಒಂದು ವಾರ ಅದನ್ನು ಬೀದಿಯವರಿಗೆಲ್ಲ ಹೇಳಿದರು.

ಆರು ವರ್ಷದ ಹಿಂದೆ ನಮ್ಮ ಮನೆಗೆ ಇನ್ಶೂರೆನ್ಸ್ ಬಂತು. ಎದುರು ಮನೆಯವರು ಮಾಡಿಸಿದ್ದರು, ಆದ್ದರಿಂದ ನಾವೂ ಮಾಡಿಸಿದೆವು. ಗಂಡನ ಪರಿಚಯದ ಏಜೆಂಟರು ಶಿವಾಜಿನಗರದಿಂದ ಬಂದರು, ಟೀ ಕುಡಿದರು, ಫಾರಂ ತುಂಬಿದರು. ಮೊದಲೇ ಯಾವುದಾದರೂ ಕಾಯಿಲೆ ಇದೆಯೇ ಎನ್ನುವ ಪ್ರಶ್ನೆಯ ಮುಂದೆ ಯಾರನ್ನೂ ಕೇಳದೆ ಇಲ್ಲ ಎಂದು ಗುರುತು ಹಾಕಿದರು. ಅತ್ತೆ ಅವರ ಪಕ್ಕದಲ್ಲೇ ಕೂತು ಬಾಯಿಗೆ ದಮ್ಮಿನ ಪಂಪು ಇಟ್ಟು ಎಳೆಯುತ್ತಿದ್ದರು. ಏಜೆಂಟರು ಬಹಳ ಮರ್ಯಾದಸ್ಥರು, ನೋಡಲಿಲ್ಲ.

ಆ ವರ್ಷದ ಚಳಿಗೆ ಅತ್ತೆ ಇಂದಿರಾನಗರದ ಆಸ್ಪತ್ರೆಯೊಂದರಲ್ಲಿ ನಾಲ್ಕು ದಿನ ಮಲಗಿದರು. ಎಷ್ಟು ದಿನದಿಂದ ದಮ್ಮು ಎಂದು ಕೇಳಿದ ಡಾಕ್ಟರಿಗೆ ನಾನು, ಲೆಕ್ಕ ತಪ್ಪಬಾರದೆಂದು ಬೆರಳು ಮಡಚಿ ಎಣಿಸಿ, ಹದಿನಾರು ವರ್ಷ ಎಂದೆ. ಅವರು ಹಾಗೆಯೇ ಬರೆದರು. ಒಂದು ತಿಂಗಳಾದ ಮೇಲೆ ಕಂಪನಿಯಿಂದ ಪತ್ರ ಬಂತು. ಕಾಯಿಲೆ ಮೊದಲೇ ಇತ್ತು, ಮುಚ್ಚಿಟ್ಟಿದ್ದೀರಿ, ಹಣ ಕೊಡಲಾಗುವುದಿಲ್ಲ. ಪತ್ರವನ್ನು ನಾನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ.

“ನನಗೆ ಹುಷಾರಿರ್ಲಿಲ್ಲ ಅನ್ನೋದೇ ಸುಳ್ಳು ಅಂತಾರಾ?” ಎಂದರು ಅತ್ತೆ.

“ಅದು ನಿಜ ಅಂತಾರೆ ಅತ್ತೆ. ಮೊದ್ಲೇ ಇತ್ತು ಅಂತಾರೆ.”

“ಮೊದ್ಲೇ ಇದ್ದಿದ್ದಕ್ಕೆ ತಾನೇ ಮಾಡ್ಸಿದ್ದು? ಇಲ್ದಿದ್ರೆ ಯಾಕೆ ಮಾಡ್ಸ್ತಿದ್ವಿ?”

ಏಜೆಂಟರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು. “ಮೇಡಂ, ತಪ್ಪು ನಿಮ್ದೇ. ಡಾಕ್ಟ್ರು ಕೇಳಿದ್ರೆ ಹದಿನಾರು ವರ್ಷ ಅಂತ ಯಾಕೆ ಹೇಳಿದ್ರಿ? ಮೂರು ದಿನದಿಂದ ಅನ್ಬೇಕು. ಡಾಕ್ಟ್ರು ಬರಿಯೋದೇ ಕಂಪನಿಗೆ ಹೋಗೋದು. ಇನ್ನೊಂದ್ ವಿಷ್ಯ, ಹಳೇ ಕಾಗದ ಪತ್ರ ಏನಿದ್ರೂ ಆಸ್ಪತ್ರೆಗೆ ತರ್ಲೇಬೇಡಿ. ಟೀಚರ್ ಆಗಿ ನೀವೇ ಹಿಂಗ್ ಮಾಡಿದ್ರೆ ಹೆಂಗೆ?”

ಸಿಟ್ಟಿನಲ್ಲಿ ಆ ಕಂಪನಿ ಬಿಟ್ಟೆವು. ಜನ ಇನ್ಶೂರೆನ್ಸ್ ಯಾಕೆ ಬದಲಿಸುತ್ತಾರೆ ಎಂದು ಟೀವಿಯಲ್ಲಿ ತಜ್ಞರು ಕೂತು ಚರ್ಚೆ ಮಾಡುವುದನ್ನು ನೋಡಿದ್ದೇನೆ. ಸೌಲಭ್ಯಗಳನ್ನು ತೂಗಿ ನೋಡಿ ಬದಲಿಸುತ್ತಾರಂತೆ. ನಾವು ಮೊದಲ ಸಲ ಬದಲಿಸಿದ್ದು ಸಿಟ್ಟಿಗೆ. ಎರಡನೆಯ ಸಲ, ಅತ್ತೆಗೆ ಅರವತ್ತೈದು ತುಂಬಿದ್ದೇ ಕಂಪನಿಯವರು ಕಂತನ್ನು ಒಂದೇ ಏಟಿಗೆ ಏರಿಸಿ, ನಾವು ಅಪರಾಧ ಮಾಡಿದವರೆಂಬಂತೆ ವಯಸ್ಸನ್ನು ನಮ್ಮ ಮುಖಕ್ಕೆ ಹಿಡಿದರು, ಅದಕ್ಕೆ. ಮೂರನೆಯ ಸಲ ನಾವು ಬದಲಿಸಲೇ ಇಲ್ಲ, ಶಾಲೆ ಬದಲಿಸಿತು. ಶಾಲೆಯ ಆಡಳಿತದವರು ಸಿಬ್ಬಂದಿಗೆಲ್ಲ ಸೇರಿಸಿ ಒಂದು ಪಾಲಿಸಿ ಮಾಡಿಸಿದರು. ತಂದೆ ತಾಯಿ ಅಥವಾ ಅತ್ತೆ ಮಾವ, ಯಾರಾದರೂ ಒಂದು ಕಡೆಯವರನ್ನು ಸೇರಿಸಬಹುದು. ಸ್ಟಾಫ್ ರೂಮಿನಲ್ಲಿ ಹದಿನೈದು ದಿನ ಬೇರೆ ಮಾತಿಲ್ಲ. ಗಣಿತದ ಟೀಚರು ಅತ್ತೆ ಮಾವನನ್ನು ಬಿಟ್ಟದ್ದಕ್ಕೆ ಇವತ್ತಿಗೂ ಗಂಡನ ಮನೆಯಲ್ಲಿ ಅವರಿಗೆ ಬಿಸಿ ಕಾಫಿ ಸಿಗುವುದಿಲ್ಲ. ನನ್ನ ತಂದೆ ತಾಯಿ ಇಬ್ಬರೂ ಇಲ್ಲ, ಹಾಗಾಗಿ ನನಗೆ ಧರ್ಮಸಂಕಟವಿರಲಿಲ್ಲ.

ಆದರೆ ಶಾಲೆಯೂ ವರ್ಷಕ್ಕೊಮ್ಮೆ ಕಂಪನಿ ಬದಲಿಸುತ್ತಿತ್ತು. ಪ್ರತಿ ಜೂನ್‌ನಲ್ಲಿ ಪಠ್ಯಪುಸ್ತಕದ ಜೊತೆ ಹೊಸ ಕಾರ್ಡು, ಹೊಸ ಆಸ್ಪತ್ರೆಗಳ ಪಟ್ಟಿ. ಹಲಸೂರಿನ ಡಾಕ್ಟರ ಕ್ಲಿನಿಕ್ಕು ಯಾವ ಪಟ್ಟಿಯಲ್ಲೂ ಇರಲಿಲ್ಲ. ಒಂದು ವರ್ಷ ಇಂದಿರಾನಗರ ಬಂತು, ಮರುವರ್ಷ ಅದು ಹೋಗಿ ಕೆ.ಆರ್. ಪುರಂ ಬಂತು. “ಹಿಂಗೇ ಹೋದ್ರೆ ಸಾಯೋ ಹೊತ್ಗೆ ನಾನು ಹೊಸಕೋಟೆ ತಲುಪ್ತೀನಿ” ಎನ್ನುತ್ತಿದ್ದರು ಅತ್ತೆ.

ಪ್ರತಿ ಸಲವೂ ಹೊಸ ಡಾಕ್ಟರು, ಮತ್ತೆ ಮೊದಲಿನಿಂದ ಕಥೆ. ಕಥೆ ಹೇಳುವಾಗ ತಪ್ಪಾಗಬಾರದಲ್ಲ? ಅದಕ್ಕೆ ನಾನು ಅತ್ತೆಗೆ ಪಾಠ ಶುರು ಮಾಡಿದೆ. ಶಾಲೆಯಿಂದ ಬಂದ ಮೇಲೆ ಸಂಜೆ ನಾಲ್ಕೂವರೆಗೆ ಇಬ್ಬರೂ ಬಾಗಿಲ ಬಳಿ ಮೊರ ಇಟ್ಟುಕೊಂಡು ಸೊಪ್ಪು ಬಿಡಿಸುತ್ತಾ ಕೂರುತ್ತಿದ್ದೆವು. ನಾನು ಡಾಕ್ಟರು.

“ಏನಾಗ್ತಿದೆ ಅಜ್ಜಿ?”

“ಉಸಿರು ಕಟ್ಟುತ್ತೆ ಡಾಕ್ಟ್ರೇ.”

“ಎಷ್ಟು ದಿನದಿಂದ?”

“ಮೂರು ದಿನದಿಂದ ಅಷ್ಟೇ ಡಾಕ್ಟ್ರೇ.”

“ಮೊದ್ಲು ಯಾವತ್ತಾದ್ರೂ ಹೀಗಾಗಿತ್ತಾ?”

“ಇಲ್ಲಪ್ಪ. ಗುಂಡುಕಲ್ಲು ಇದ್ದಂಗಿದ್ದೆ.”

ಗುಂಡುಕಲ್ಲು ನಾನು ಕಲಿಸಿದ್ದಲ್ಲ, ಅವರೇ ಸೇರಿಸಿದ್ದು. ಸ್ವಂತ ವಾಕ್ಯಕ್ಕೆ ನಾನು ಮಕ್ಕಳಿಗೂ ಅರ್ಧ ಅಂಕ ಹೆಚ್ಚು ಕೊಡುತ್ತೇನೆ. ಅಡ್ಡ ಪ್ರಶ್ನೆ ಹಾಕಿದೆ, ವೇಗವಾಗಿ ಕೇಳಿದೆ, ತಮಿಳಿನಲ್ಲಿ ಕೇಳಿದೆ, ಅವರು ತೂಕಡಿಸುವಾಗ ತಟ್ಟನೆ ಕೇಳಿದೆ. ಒಂದು ಸಲವೂ ತಪ್ಪಲಿಲ್ಲ. ಪಾಠವೆಂದರೆ ಅವರಿಗೆ ಎಷ್ಟು ಇಷ್ಟವಾಯಿತೆಂದರೆ ನಾಲ್ಕು ಗಂಟೆಗೇ ಮುಖ ತೊಳೆದು, ತಲೆ ಬಾಚಿ, ಸೊಪ್ಪಿಲ್ಲದ ದಿನವೂ ಖಾಲಿ ಮೊರ ಇಟ್ಟುಕೊಂಡು ಕಾಯುತ್ತಿದ್ದರು.

ಅವರು ಹಾಕಿದ್ದು ಒಂದೇ ಷರತ್ತು. “ಭಾನ್ವಾರ ಬೇಡ.” ಪಂಚಶೀಲದಲ್ಲಿ ನಾಲ್ಕನೆಯದು ಸುಳ್ಳಾಡುವುದಿಲ್ಲ ಎನ್ನುವುದು. ಬೆಳಿಗ್ಗೆ ಅದನ್ನು ಹೇಳಿ ಬಂದು ಸಂಜೆ ಇದನ್ನು ಹೇಳುವುದಕ್ಕೆ ನಾಲಿಗೆ ಬರುವುದಿಲ್ಲ ಎಂದರು. ಉಳಿದ ಆರು ದಿನ ಹೇಗೆ ಬರುತ್ತದೆ ಎಂದು ನಾನು ಕೆಣಕಿದೆ. “ಅದು ಸುಳ್ಳಲ್ಲ ಕಣಮ್ಮ, ಫಾರಂ” ಎಂದರು. ಈ ವಿಂಗಡಣೆ ನನಗೂ ಒಪ್ಪಿಗೆಯಾಯಿತು. ಭಾನುವಾರ ರಜೆ ಕೊಟ್ಟೆ.

ಏಜೆಂಟರ ಎರಡನೆಯ ಬುದ್ಧಿಮಾತನ್ನೂ ಪಾಲಿಸಿದೆ. ಅತ್ತೆಯ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಇಟ್ಟೆ. ಹಲಸೂರಿಗೆ ಹೋದರೆ ಅವರು ಬರೆಯುತ್ತಾರೆ, ಬರೆದರೆ ಸಾಕ್ಷಿ. ಆದ್ದರಿಂದ ಹಲಸೂರು ಬಂದ್ ಆಯಿತು. ಪಂಪನ್ನು ಮೆಡಿಕಲ್ ಸ್ಟೋರಿನವನ ಹತ್ತಿರ ನೇರವಾಗಿ ತಂದು ರಾಗಿ ಡಬ್ಬದಲ್ಲಿಟ್ಟೆವು. ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗುವಾಗ ಅದನ್ನು ಜೊತೆಗೆ ಒಯ್ಯಬಾರದು ಎನ್ನುವುದು ನನ್ನ ಸ್ವಂತ ನಿಯಮ. ಯಾರಾದರೂ ಬ್ಯಾಗು ತೆಗೆದು ನೋಡಿದರೆ? ಆಸ್ಪತ್ರೆಯಲ್ಲಿ ಯಾರೂ ಬ್ಯಾಗು ತೆಗೆದು ನೋಡುವುದಿಲ್ಲ. ಆದರೆ ಪರೀಕ್ಷಾ ಕೊಠಡಿಯಲ್ಲಿ ಇಪ್ಪತ್ತು ವರ್ಷ ಮಕ್ಕಳ ಜೇಬು ತಡಕಿದವಳು ನಾನು. ಒಮ್ಮೆ ರಸ್ತೆಯಲ್ಲಿ ಹಲಸೂರಿನ ಡಾಕ್ಟರು ಎದುರಾದಾಗ ಅತ್ತೆ ಸೆರಗು ಮರೆ ಮಾಡಿಕೊಂಡು ಅಂಗಡಿಯೊಳಗೆ ನುಗ್ಗಿದರು. ಅದು ಗಂಡಸರ ಕ್ಷೌರದ ಅಂಗಡಿ. ಹೀಗೆ ಮೂರು ವರ್ಷ ನಡೆಯಿತು.

ಈ ವರ್ಷದ ಪಾಲಿಸಿಯಲ್ಲಿ ಒಂದು ವಿಶೇಷವಿತ್ತು. ಮನೆಯ ಹಿರಿಯರಿಗೆ ವರ್ಷಕ್ಕೊಂದು ಪುಕ್ಕಟೆ ತಪಾಸಣೆ, ಕೆ.ಆರ್. ಪುರಂನ ಆಸ್ಪತ್ರೆಯಲ್ಲಿ, ಕಣ್ಣೂ ಸೇರಿ. ಪುಕ್ಕಟೆ ಎಂದರೆ ನಮ್ಮ ಬೀದಿಯಲ್ಲಿ ಕಾಯಿಲೆ ಇಲ್ಲದವರೂ ಹೋಗುತ್ತಾರೆ. ರಕ್ತ, ಮೂತ್ರ ಎಲ್ಲ ಮುಗಿಸಿ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ಅತ್ತೆಯ ಗಲ್ಲವನ್ನು ಮೆಷಿನ್ನಿನ ಮೇಲಿಡಿಸಿ ನೋಡಿ, ಕಣ್ಣಿನೊಳಗೆ ಪ್ರೆಶರ್ ಹೆಚ್ಚಾಗಿದೆ, ಬಿಟ್ಟರೆ ದೃಷ್ಟಿ ಹೋಗುತ್ತದೆ, ದಿನಕ್ಕೆರಡು ಸಲ ಹನಿ ಹಾಕಬೇಕು ಎಂದರು. ಬರೆಯುವ ಮೊದಲು ಪೆನ್ನು ಎತ್ತಿ ಹಿಡಿದು ಕೇಳಿದರು.

“ಅಜ್ಜಿ, ಆಸ್ತಮಾ, ವೀಸಿಂಗ್, ಉಸಿರಾಟದ ತೊಂದ್ರೆ ಏನಾದ್ರೂ ಇದೆಯಾ?”

“ಏನೂ ಇಲ್ಲ ಡಾಕ್ಟ್ರೇ. ಗುಂಡುಕಲ್ಲು ಇದ್ದಂಗಿದೀನಿ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಹೆಮ್ಮೆಯಾಯಿತು. ಪ್ರಶ್ನೆ ಇಂಗ್ಲಿಷ್ ಬೆರೆಸಿ ಬಂದಿತ್ತು, ನಾವು ಅಭ್ಯಾಸ ಮಾಡದ ರೀತಿಯಲ್ಲಿ ಬಂದಿತ್ತು, ಆದರೂ ಅತ್ತೆ ಗುರುತು ಹಿಡಿದರು. ಹೊರಗೆ ಬಂದು ಅವರಿಗೆ ಬಾದಾಮಿ ಹಾಲು ಕೊಡಿಸಿದೆ.

ಹನಿ ಹಾಕುವ ಕೆಲಸ ನನ್ನದಾಯಿತು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಒಂದು, ಸಂಜೆ ಪಾಠ ಮುಗಿದ ಮೇಲೆ ಒಂದು. ಎರಡನೆಯ ದಿನವೇ ಅತ್ತೆಗೆ ಎದೆ ಕುಯ್‌ಗುಟ್ಟತೊಡಗಿತು. ಧೂಳಿನ ಕಾಲ, ಸಾಲದ್ದಕ್ಕೆ ಪಕ್ಕದವರು ಮನೆ ಒಡೆಸುತ್ತಿದ್ದರು, ಅದಕ್ಕೇ ಇರಬೇಕು ಎಂದುಕೊಂಡೆವು. ಪಂಪು ಎಳೆದರು, ಕೇಳಲಿಲ್ಲ. ಇನ್ನೆರಡು ಸಲ ಎಳೆದರು. ಹನಿಯನ್ನು ಮಾತ್ರ ನಾನು ಒಂದು ಹೊತ್ತೂ ತಪ್ಪಿಸಲಿಲ್ಲ. ದೃಷ್ಟಿ ಹೋಗುತ್ತದೆ ಎಂದಿದ್ದರಲ್ಲ.

ಆ ಭಾನುವಾರ ಬೆಳಿಗ್ಗೆ ಅತ್ತೆ ವಿಹಾರಕ್ಕೆ ಹೋದವರು ಅರ್ಧಕ್ಕೇ ಎದ್ದು ಬಂದರು. ಬಿಳಿ ಸೀರೆಯಲ್ಲಿ ಬಾಗಿಲು ಹಿಡಿದು ನಿಂತರು. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಹೇಳಲು ಆಗುತ್ತಿರಲಿಲ್ಲ. ತುಟಿ ಬಣ್ಣಗೆಟ್ಟಿತ್ತು. ನಾನು ಅವರನ್ನು ಕೂರಿಸಿ, ಬೆಳಗಿನ ಗಡಿಬಿಡಿಯಲ್ಲಿ ಮರೆತಿದ್ದ ಹನಿಯನ್ನು ಎರಡೂ ಕಣ್ಣಿಗೆ ಹಾಕಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹಲಸೂರು ಎಂಟು ನಿಮಿಷ. ಭಾನುವಾರ ಕ್ಲಿನಿಕ್ಕು ಮುಚ್ಚಿದ್ದರೂ ಡಾಕ್ಟರು ಮೇಲಿನ ಮನೆಯಲ್ಲೇ ಇರುತ್ತಾರೆ. ನಾವು ಆಟೋ ಹಿಡಿದದ್ದು ಕೆ.ಆರ್. ಪುರಂಗೆ, ಯಾಕೆಂದರೆ ಕಾರ್ಡು ಅಲ್ಲಿನದು. ಭಾನುವಾರವೂ ಟಿನ್ ಫ್ಯಾಕ್ಟರಿ ಹತ್ತಿರ ಗಾಡಿಗಳು ನಿಂತೇ ಇದ್ದವು. ತಲೆಯ ಮೇಲೆ ಮೆಟ್ರೋ ಆರಾಮವಾಗಿ ಹೋಗುತ್ತಿತ್ತು. ಗಂಡ ಆಟೋದಿಂದ ಇಳಿದು ಎದುರಿನ ಗಾಡಿಗಳ ಬಾನೆಟ್ ಬಡಿಯುತ್ತಾ ಮುಂದೆ ಓಡಿದರು. ಅತ್ತೆ ನನ್ನ ತೊಡೆಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದರು. ಪಂಪು ನಿಯಮದಂತೆ ರಾಗಿ ಡಬ್ಬದಲ್ಲಿತ್ತು.

ತುರ್ತು ವಿಭಾಗದಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಅತ್ತೆಯ ಮೂಗಿಗೆ ಆಮ್ಲಜನಕದ ಮಾಸ್ಕು ಇಟ್ಟು, ಕಿವಿಯ ಹತ್ತಿರ ಬಗ್ಗಿ ಕೇಳಿದರು.

“ಅಜ್ಜಿ, ಎಷ್ಟು ದಿನದಿಂದ ಹೀಗಾಗ್ತಿದೆ?”

ಅತ್ತೆ ಮೂರು ಬೆರಳು ಎತ್ತಿದರು. “ಮೂರು… ದಿನ… ಅಷ್ಟೇ.”

“ಮೊದ್ಲು ಯಾವತ್ತಾದ್ರೂ?”

ಅತ್ತೆ ಅಡ್ಡಡ್ಡ ತಲೆಯಾಡಿಸಿದರು. ಗುಂಡುಕಲ್ಲಿಗೆ ಉಸಿರು ಸಾಲಲಿಲ್ಲ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, “ಈ ವಯಸ್ಸಲ್ಲಿ ಮೊದಲ್ನೇ ಸಲ ಹೀಗೆ ಬಂದ್ರೆ ಹಾರ್ಟ್ ಅಂತಲೇ ನೋಡ್ಬೇಕಾಗುತ್ತೆ ಮೇಡಂ” ಎಂದು ಇಸಿಜಿಗೆ ಹೇಳಿದರು. ಅತ್ತೆಯ ಎದೆಗೆ ವೈರುಗಳನ್ನು ಅಂಟಿಸಿದರು. ಹೃದ್ರೋಗದ ಡಾಕ್ಟರನ್ನು ಕರೆಯಲು ಒಬ್ಬರು ಹೋದರು. ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಕೇಳಿದರೆ, ಇಸಿಜಿಯ ಕಾಗದ ಪೂರ್ತಿ ಹೊರಗೆ ಬರುವಷ್ಟು ಹೊತ್ತು. ನನಗೆ ಹೆದರಿಕೆಯಾಗಿತ್ತು, ಆದರೆ ಹೆದರಿಕೆ ಎರಡಿತ್ತು. ಬಾಯಿ ಬಿಟ್ಟರೆ ಕ್ಲೇಮು ಹೋಗುತ್ತದೆ ಎನ್ನುವುದು ಮೊದಲು ಬಂತು, ಅತ್ತೆ ಹೋಗುತ್ತಾರೆ ಎನ್ನುವುದು ಆಮೇಲೆ ಬಂತು. ಈ ಅನುಕ್ರಮಕ್ಕೆ ನಾನು ಇವತ್ತಿಗೂ ನಾಚುತ್ತೇನೆ.

ಅತ್ತೆಯ ಕಣ್ಣು ಮೇಲಕ್ಕೆ ಹೋಯಿತು. ನಾನು ಕೂಗಿಬಿಟ್ಟೆ. “ಡಾಕ್ಟ್ರೇ, ಅವರಿಗೆ ದಮ್ಮಿದೆ. ಇಪ್ಪತ್ತೆರಡು ವರ್ಷದಿಂದ ಇದೆ.”

ಡಾಕ್ಟರಮ್ಮ ತಿರುಗಿ ನೋಡಿದರು. ಮಾಸ್ಕಿನ ಹಿಂದಿನಿಂದ ಅತ್ತೆ ನನ್ನನ್ನು ನೋಡಿ, ಬೇಡ ಬೇಡ ಎಂದು ತಲೆಯಾಡಿಸಿ, ಮತ್ತೆ ಮೂರು ಬೆರಳು ಎತ್ತಿದರು.

“ಯಾರು ನಿಜ ಹೇಳ್ತಿರೋದು?” ಎಂದರು ಡಾಕ್ಟರಮ್ಮ.

“ನಾನು ಡಾಕ್ಟ್ರೇ, ನಾನು ಹೇಳ್ತಿರೋದು. ಅತ್ತೆ, ಇದು ಫಾರಂ ಅಲ್ಲ ಅತ್ತೆ, ಇವ್ರು ನಿಜವಾದ ಡಾಕ್ಟ್ರು. ಕೈ ಇಳ್ಸಿ.”

ಅತ್ತೆ ಕೈ ಇಳಿಸಲಿಲ್ಲ. ನಾನು ಅವರನ್ನು ಹಿಂದೆಯೂ ಹೀಗೆ ಪರೀಕ್ಷಿಸಿದ್ದೆ. ಇದು ನಿಜವಾದ ಡಾಕ್ಟರು ಎಂದು ಸೊಪ್ಪಿನ ಮೊರದ ಮುಂದೆ ಎಷ್ಟೋ ಸಲ ಹೇಳಿ ಮೋಸಗೊಳಿಸಲು ನೋಡಿದ್ದೆ.

ಸಾಕ್ಷಿಗೆ ನನ್ನ ಹತ್ತಿರ ಏನೂ ಇರಲಿಲ್ಲ. ಸಾಕ್ಷಿ ಇರಬಾರದೆಂದು ಮೂರು ವರ್ಷ ಶ್ರಮಪಟ್ಟವಳು ನಾನೇ. ಹಲಸೂರಿನ ಡಾಕ್ಟರ ನಂಬರು ಫೋನಿನಲ್ಲಿ ಉಳಿದಿತ್ತು. ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು. ಸ್ಪೀಕರಿಗೆ ಹಾಕಿದೆ.

“ದಮ್ಮು ತಾನೇ? ಎಷ್ಟು ವರ್ಷದಿಂದ ನೋಡ್ತಿದೀನಿ ಆಯಮ್ಮನ್ನ. ಹೊಸದಾಗಿ ಮಾತ್ರೆ ಗೀತ್ರೆ ಏನಾದ್ರೂ ಶುರು ಮಾಡಿದ್ರಾ?”

“ಇಲ್ಲ ಡಾಕ್ಟ್ರೇ. ಮಾತ್ರೆ ಇಲ್ಲ. ಕಣ್ಣಿಗೆ ಹನಿ ಹಾಕ್ತಿದೀನಿ ಅಷ್ಟೇ.”

“ಯಾವ ಹನಿ?”

ಬ್ಯಾಗಿನಲ್ಲಿತ್ತು. ಸಂಜೆಯ ಹೊತ್ತಿಗೆ ಹಾಕಲು ತಂದಿದ್ದೆ. ಹೆಸರು ಓದುವ ಮೊದಲೇ ಡಾಕ್ಟರಮ್ಮ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು ನೋಡಿ ನರ್ಸಿಗೆ ಏನೋ ಹೇಳಿದರು. ಎಲ್ಲರೂ ಒಮ್ಮೆಲೇ ಓಡಾಡಿದರು. ಸೂಜಿ ಬಂತು, ಹೊಗೆ ಬರುವ ಮಾಸ್ಕು ಬಂತು.

“ಈ ಹನಿ ದಮ್ಮು ಇರೋರಿಗೆ ಹಾಕೋ ಹಾಗೇ ಇಲ್ಲ” ಎಂದರು ಡಾಕ್ಟರಮ್ಮ, ಕೈ ಕೆಲಸ ನಿಲ್ಲಿಸದೆ. “ಯಾರು ಬರ್ಕೊಟ್ಟಿದ್ದು?”

“ಇಲ್ಲೇ. ನಿಮ್ಮ ಮೂರನೇ ಮಹಡೀಲಿ.”

“ಆಸ್ತಮಾ ಇದೆಯಾ ಅಂತ ಕೇಳ್ಲಿಲ್ವಾ?”

“ಕೇಳಿದ್ರು.”



ಅತ್ತೆ ಉಳಿದರು. ಆರು ದಿನ ಆಸ್ಪತ್ರೆಯಲ್ಲಿದ್ದರು, ಅದರಲ್ಲಿ ಎರಡು ದಿನ ಐಸಿಯುವಿನ ಗಾಜಿನ ಬಾಗಿಲಿನ ಆಚೆ. ಮೂರನೆಯ ದಿನ ನಾನು ನೆಲಮಹಡಿಯ ಇನ್ಶೂರೆನ್ಸ್ ಡೆಸ್ಕಿಗೆ ಹೋದೆ. ಬೀರುವಿನ ಮೇಲಿನ ನೋಟ್‌ಬುಕ್ಕನ್ನು ಗಂಡ ತಂದುಕೊಟ್ಟಿದ್ದರು. ಅದನ್ನು ಡೆಸ್ಕಿನ ಹುಡುಗಿಯ ಮುಂದಿಟ್ಟು, ಇಪ್ಪತ್ತೆರಡು ವರ್ಷದ ದಮ್ಮು, ಎಲ್ಲ ಇದರಲ್ಲಿದೆ, ನಾವು ಸುಳ್ಳು ಹೇಳಿದ್ದೆವು, ಕ್ಲೇಮು ಕೊಡದಿದ್ದರೂ ನನಗೆ ಬೇಸರವಿಲ್ಲ ಎಂದು ಒಂದು ಸಣ್ಣ ಭಾಷಣ ಮಾಡಿದೆ. ರಾತ್ರಿಯೆಲ್ಲ ತಯಾರು ಮಾಡಿದ ಭಾಷಣ. ಹುಡುಗಿ ಕಂಪ್ಯೂಟರಿನಲ್ಲಿ ಏನೋ ನೋಡಿದಳು.

“ಮೇಡಂ, ನಿಮ್ದು ಸ್ಕೂಲ್ ಗ್ರೂಪ್ ಪಾಲಿಸಿ ಅಲ್ವಾ? ಇದ್ರಲ್ಲಿ ಹಳೇ ಕಾಯಿಲೆ ಎಲ್ಲಾ ಮೊದಲ್ನೇ ದಿನದಿಂದ್ಲೇ ಕವರ್ ಇದೆ. ಮುಚ್ಚಿಡೋದು ಏನೂ ಇರ್ಲಿಲ್ಲ. ಅಪ್ರೂವಲ್ ನಿನ್ನೆನೇ ಬಂದಿದೆ.”

“ಹೋದ ವರ್ಷದ್ದು?”

“ಅದ್ರಲ್ಲೂ ಇತ್ತು ಅನ್ಸುತ್ತೆ. ನಿಮ್ಗೆ ಪುಸ್ತಕ ಕೊಟ್ಟಿರ್ತಾರಲ್ಲ, ಎರಡನೇ ಪೇಜಲ್ಲೇ ಬರ್ದಿರುತ್ತೆ.”

ಪುಸ್ತಕ ಕೊಟ್ಟಿದ್ದರು. ಮೂರು ವರ್ಷದ ಮೂರು ಪುಸ್ತಕಗಳೂ ಮನೆಯಲ್ಲಿ ಟೀವಿಯ ಕೆಳಗಿದ್ದವು, ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಮೊದಲು ಎರಡು ಸಲ ಓದಿಕೊಳ್ಳಿ ಎಂದು ನಾನು ಪ್ರತಿ ವರ್ಷ ಹತ್ತನೆಯ ತರಗತಿಯವರಿಗೆ ಹೇಳುತ್ತೇನೆ. ಡೆಸ್ಕಿನ ಪಕ್ಕದ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಹುಡುಗಿ ಒಂದು ಲೋಟ ನೀರು ತಂದುಕೊಟ್ಟು, ಅಪ್ರೂವಲ್ ಬಂದಿದೆಯಲ್ಲ ಮೇಡಂ, ಯಾಕಳ್ತೀರ ಎಂದಳು.

ಅತ್ತೆಗೆ ಈ ಸಂಗತಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಗಂಡ ಹೇಳಿದರು. ಅತ್ತೆ, “ಹಂಗಾದ್ರೆ ಪಾಠ ನಿಲ್ಸ್ತಾಳಾ?” ಎಂದು ಕೇಳಿದರಂತೆ.

ಮನೆಗೆ ಬಂದ ಮರುವಾರ ಅವರನ್ನು ಕರೆದುಕೊಂಡು, ನೋಟ್‌ಬುಕ್ ಹಿಡಿದು, ಹಲಸೂರಿಗೆ ನಡೆದೆ. ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡರು. ಡಾಕ್ಟರು ನೋಟ್‌ಬುಕ್ ತೆಗೆದು ಕೊನೆಯ ಬರಹ ನೋಡಿದರು. ಮೂರು ವರ್ಷದ ಹಿಂದಿನದು. ಒಂದು ಗೆರೆಯನ್ನೂ ಬಿಡದೆ ಅದರ ಕೆಳಗೇ ಅವತ್ತಿನ ತಾರೀಖು ಹಾಕಿದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

“ಈಗ ಹೇಗಿದೆ ಉಸಿರು?” ಎಂದರು ಅತ್ತೆಗೆ.

ಅತ್ತೆ ನನ್ನ ಮುಖ ನೋಡಿದರು. ಉತ್ತರ ಗೊತ್ತಿದ್ದೂ ಬಾಯಿ ಬಿಡುವ ಮೊದಲು ಮಕ್ಕಳು ನನ್ನ ಮುಖವನ್ನು ಹೀಗೇ ನೋಡುತ್ತಾರೆ.

“ರಾತ್ರಿ ನಿದ್ದೆ ಬರುತ್ತಾ?”

ಮತ್ತೆ ನನ್ನ ಮುಖ ನೋಡಿದರು. ಡಾಕ್ಟರು ಪೆನ್ನು ಕೆಳಗಿಟ್ಟು, “ಟೀಚರ್, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ” ಎಂದರು. ನಾನು ಎಷ್ಟೋ ಮಕ್ಕಳನ್ನು ತರಗತಿಯಿಂದ ಹೊರಗೆ ನಿಲ್ಲಿಸಿದ್ದೇನೆ. ನನ್ನನ್ನು ಯಾರೂ ಹೊರಗೆ ಕಳಿಸಿರಲಿಲ್ಲ.

ಹೊರಗೆಂದರೆ ಒಂದು ಪರದೆಯ ಆಚೆ, ಗೋಡೆಗೆ ಆನಿಸಿದ ಬೆಂಚು. ಎಲ್ಲವೂ ಕೇಳಿಸುತ್ತದೆ. ಮೊದಲು ಸ್ವಲ್ಪ ಹೊತ್ತು ಉಸಿರು ಎಳೆದುಕೊಳ್ಳಿ, ಬಿಡಿ ಎನ್ನುವುದಷ್ಟೇ ಕೇಳಿತು. ಆಮೇಲೆ ಡಾಕ್ಟರು ಮೆಲ್ಲಗೆ, “ಅಲ್ಲಮ್ಮಾ, ಪ್ರಾಣ ಹೋಗ್ತಾ ಇತ್ತು. ಅಲ್ಲಿನ ಡಾಕ್ಟರಮ್ಮ ಫೋನಲ್ಲಿ ಹೇಳಿದ್ರು, ಸೊಸೆನೇ ಬಾಯ್ಬಿಟ್ಟು ಹೇಳ್ತಿದ್ರೂ ನೀವು ಮೂರು ದಿನ ಅಂತ ಕೂತ್ರಂತಲ್ಲ, ಯಾಕೆ?” ಎಂದರು.

ಪರದೆಯ ಕೆಳಗೆ ಅತ್ತೆಯ ಕಾಲು ಕಾಣಿಸುತ್ತಿತ್ತು. ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದರು.

“ನಿಜ ಹೇಳ್ಬೇಕು ಅಂತಲೇ ಇತ್ತು ಡಾಕ್ಟ್ರೇ. ಅದೂ ಭಾನ್ವಾರ, ಶೀಲ ಹೇಳಿ ಬಂದಿದ್ದೆ. ಆದ್ರೆ ಅವಳು ಪಕ್ಕದಲ್ಲೇ ನಿಂತಿದ್ಲು. ಮತ್ತೆ ಪರೀಕ್ಷೆ ಮಾಡ್ತಿದಾಳೇನೋ ಅನ್ನಿಸ್ತು.” ಸ್ವಲ್ಪ ತಡೆದು ಉಸಿರು ತೆಗೆದುಕೊಂಡರು. “ಈ ವಯಸ್ಸಿನ್ ತನ್ಕ ನನ್ನ ಪಕ್ಕ ಕೂತು ಒಂದು ಪಾಠ ಅಂತ ಹೇಳ್ಕೊಟ್ಟೋಳು ಅವಳೊಬ್ಳೇ. ಅವಳ ಮುಂದೆ ತಪ್ಪು ಹೇಳೋಕೆ ಮನಸ್ಸು ಬರ್ಲಿಲ್ಲ.”

ಡಾಕ್ಟರು ನನ್ನನ್ನು ಒಳಗೆ ಕರೆದರು. ನಾನು ಕೇಳಿಸಿಕೊಳ್ಳದವಳ ಹಾಗೆ ಬೆಂಚಿನ ಮೇಲೇ ಕೂತಿದ್ದೆ.